ಕಾರ್ಯದರ್ಶಿಯ ಹೆಂಡತಿಯ ವರ್ಗಾವಣೆ

ಮಾಹ್ದಿಯಾ ಊರಿನ ಪೊಲೀಸ್ ನೌಕರರ ಸಂಘಕ್ಕೆ ಜಲ್ಲೂಲನಂಥ ಕಾರ್ಯದರ್ಶಿ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಗುವುದೂ ಅನುಮಾನ. ಬಂದರಿನ ಬಿಸಿಲಲ್ಲಿ ದಿನವಿಡೀ ನಿಲ್ಲುವ ಕಾವಲಿನವರಿಗೆ ಕುರ್ಚಿ ಕೊಡಿಸಿದ. ಮಂಡಿ ಸವೆದ ಹಿರಿಯ ಪೇದೆಯೊಬ್ಬನನ್ನು ಗಸ್ತಿನಿಂದ ಬಿಡಿಸಿ ಠಾಣೆಯೊಳಗೆ ಕೂರಿಸಿದ. ಹೆಂಡತಿಗೆ ಹೆರಿಗೆಯ ದಿನ ಬಂದಿದೆ ಎಂದು ಅಂಗಲಾಚುತ್ತಿದ್ದ ಹುಡುಗನಿಗೆ ಮೇಲಧಿಕಾರಿಯ ಬಾಗಿಲಲ್ಲೇ ನಿಂತು ರಜೆ ಹಾಕಿಸಿದ. ಆ ದೇಶದಲ್ಲಿ ಪೊಲೀಸರು ಸಂಘ ಕಟ್ಟಬಹುದು, ಆದರೆ ಮುಷ್ಕರ ಹೂಡುವಂತಿಲ್ಲ. ಸಿಟ್ಟು ಬಂದರೆ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಮಾಮೂಲಿನಂತೆ ಕೆಲಸ ಮಾಡಬೇಕು, ಅಷ್ಟೇ. ಬೇರೆಯವರಿಗಾಗಿ ಜಲ್ಲೂಲ ಎಷ್ಟು ಸಲ ಆ ಪಟ್ಟಿ ಕಟ್ಟಿದ್ದನೆಂದರೆ, ಅವನ ಅಂಗಿಯ ತೋಳಿನಲ್ಲಿ ಆ ಜಾಗವೊಂದು ಮಾತ್ರ ಬಣ್ಣ ಮಾಸದೆ ಉಳಿದಿತ್ತು.

ಇಷ್ಟೆಲ್ಲ ಬಾಯಿದ್ದವನಿಗೆ ತನ್ನ ವಿಷಯ ಬಂದರೆ ಮಾತ್ರ ನಾಲಿಗೆ ಒಳಕ್ಕೆ ಹೋಗುತ್ತಿತ್ತು. ಅವನ ಹೆಂಡತಿ ದಲಂದಾ ಕೂಡ ಪೊಲೀಸಿನವಳೇ. ತರಬೇತಿ ಶಾಲೆಯಲ್ಲಿ ಪರಿಚಯವಾಗಿ ಮದುವೆಯಾದವರು. ಅವಳಿಗೆ ಕೆಲಸ ದೇಶದ ಆ ತುದಿಯಲ್ಲಿ, ಬೆಟ್ಟದ ಮೇಲಿನ ಕೆಫ್ ಊರಿನಲ್ಲಿ. ಇವನಿಗೆ ಈ ತುದಿಯಲ್ಲಿ, ಸಮುದ್ರದ ಪಕ್ಕ. ಮಗಳು ಶಹದ್ ತಾಯಿಯ ಜೊತೆ, ಅಜ್ಜಿಯ ಮನೆಯಲ್ಲಿ. ಎರಡು ವಾರಕ್ಕೊಮ್ಮೆ ಇಬ್ಬರೂ ಅರ್ಧರ್ಧ ದಾರಿ ಬಂದು ಕೈರುವಾನಿನಲ್ಲಿ ಸೇರುತ್ತಿದ್ದರು. ಅಲ್ಲಿ ಲುವಾಜ್ ನಿಲ್ದಾಣದ ಎದುರಿಗೆ ಸಾದಕ್ ಎಂಬ ಮುದುಕನ ತಿಂಡಿ ಅಂಗಡಿ. ಲುವಾಜ್ ಎಂದರೆ ಸೀಟು ತುಂಬದೆ ಹೊರಡದ ಬಾಡಿಗೆ ವ್ಯಾನು. ಅದು ತುಂಬುವವರೆಗೆ ಎಷ್ಟು ಹೊತ್ತೋ ಅಷ್ಟೇ ಅವರ ಸಂಸಾರ. ಕರಿದ ಮೆಣಸಿನಕಾಯಿ, ಕುಂಬಳ, ಮೊಟ್ಟೆಗಳನ್ನು ಸಾದಕ್ ಟಕಟಕ ಕೊಚ್ಚಿ ಮಾಡಿಕೊಡುತ್ತಿದ್ದ ಕಫ್ತೇಜಿ ಎಂಬ ಪಲ್ಯವನ್ನು ಒಂದೇ ತಟ್ಟೆಯಲ್ಲಿ ಮೂವರೂ ರೊಟ್ಟಿ ಅದ್ದಿ ತಿನ್ನುತ್ತಿದ್ದರು.

“ಎಲ್ಲರಿಗೂ ವರ್ಗ ಕೊಡಿಸ್ತೀಯ. ನನಗೆ ಯಾವಾಗ?” ಎಂದು ದಲಂದಾ ಮೊದಮೊದಲು ನಗುನಗುತ್ತ ಕೇಳಿದಳು.

“ಕಾರ್ಯದರ್ಶಿ ಹೆಂಡ್ತಿ ಕಣೇ ನೀನು. ನಿನ್ನ ಹೆಸರು ಮುಂದೆ ತಳ್ಳಿದ್ರೆ ಜನ ಏನಂತಾರೆ? ಸಂಘ ಇರೋದೇ ಇವನ ಮನೆಗೆ ಅನ್ನಲ್ವಾ?”

“ಅಂದ್ರೆ ಅನ್ಲಿ. ಒಂದೇ ಒಂದ್ ಸಲ ಅದು ಸತ್ಯ ಆಗ್ಲಿ.”

“ಆ ಮಂಡಿ ನೋವಿನೋರು, ಎಳೆ ಮಕ್ಕಳೋರು, ಅವರದ್ದೆಲ್ಲ ಆಗ್ಲಿ ಮೊದ್ಲು.”

“ನಮ್ಮದೇನು ಕಲ್ಲು ಮಗುನಾ?” ಎಂದಳು ದಲಂದಾ. “ಊರಿಗೆ ಉಪಕಾರಿ, ಮನೆಗೆ ಮಾರಿ. ನಿನ್ನನ್ನ ನೋಡೇ ಆ ಗಾದೆ ಕಟ್ಟಿರಬೇಕು.”

ಒಂದು ವರ್ಷ ಹೀಗೆ ಕೇಳಿದಳು, ಎರಡು ವರ್ಷ ಕೇಳಿದಳು. ಆಮೇಲೆ ಕೇಳುವುದನ್ನೇ ನಿಲ್ಲಿಸಿದಳು. ಜಲ್ಲೂಲನಿಗೆ ನಿಜವಾಗಿ ಹೆದರಿಕೆಯಾದದ್ದು ಆವಾಗ. ಬೈಯುವ ಹೆಂಡತಿಯ ಜೊತೆ ಬದುಕಬಹುದು, ಕಫ್ತೇಜಿಯ ತಟ್ಟೆಯ ಆಚೆ ಸುಮ್ಮನೆ ಕೂತು ರೊಟ್ಟಿ ಮುರಿಯುವ ಹೆಂಡತಿಯ ಜೊತೆ ಕಷ್ಟ. ಶಹದ್ ಈ ಸಲ ಬೇಸಿಗೆ ಕಳೆದ ಮೇಲೆ ಶಾಲೆಗೆ ಸೇರುವವಳು. ಅಷ್ಟರೊಳಗೆ ಮೂವರೂ ಒಂದೇ ಸೂರಿನ ಕೆಳಗೆ ಇರದಿದ್ದರೆ, ಮಗಳ ಪಾಲಿಗೆ ತಾನು ಕೈರುವಾನಿನಲ್ಲಿ ಸಿಗುವ ಒಬ್ಬ ಮೀಸೆ ಮಾಮನಾಗಿಯೇ ಉಳಿಯುತ್ತೇನೆ ಎಂದು ಅವನಿಗೆ ಅನ್ನಿಸಿತು.

ಕೊನೆಗೂ ಒಂದು ದಿನ ರಾಜಧಾನಿ ಟ್ಯೂನಿಸ್‌ಗೆ ಹೋಗಿ ತಮ್ಮ ಸಂಘದ ಮುಖ್ಯಸ್ಥ ಸಿ ತಿಜಾನಿಯ ಮುಂದೆ ಕೂತ; ಸಿ ಎನ್ನುವುದು ಅಲ್ಲಿಯವರು ಹಿರಿಯರಿಗೆ ಕೊಡುವ ಮರ್ಯಾದೆ. ಕೆಫ್‌ಗೆ ವರ್ಗ ಬೇಕು ಅಂದ. ಮಗಳ ಗೆಳತಿಯರು ಅಲ್ಲೇ ಇದ್ದಾರೆ, ಅತ್ತೆಯೂ ಅಲ್ಲೇ. ತಾನು ಹೋದರೆ ಯಾರನ್ನೂ ಬೇರುಸಹಿತ ಕಿತ್ತ ಹಾಗಾಗುವುದಿಲ್ಲ ಎಂಬ ಲೆಕ್ಕ. ಸಮುದ್ರ, ಸಂಘ, ಕಾರ್ಯದರ್ಶಿಯ ಕುರ್ಚಿ ಎಲ್ಲ ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

“ಕೆಫ್ ಯಾಕಪ್ಪಾ? ಅಲ್ಲಿ ಚಳಿಗೆ ಹಲ್ಲು ಉದುರ್ತವೆ,” ಎಂದರು ಸಿ ತಿಜಾನಿ.

ಆ ಹೊತ್ತಿಗೆ ಹೆಂಡತಿ ಎಂದು ಒಂದು ಮಾತು ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪುಣ್ಯಾತ್ಮನಿಗೆ ನಾಚಿಕೆ. ಅಷ್ಟು ಜನರ ಹೆಂಡಿರು ಮಕ್ಕಳಿಗಾಗಿ ಗಂಟಲು ಹರಿದುಕೊಂಡವನು ತಲೆ ತಗ್ಗಿಸಿ, “ಎದೆ ಸ್ವಲ್ಪ ತೊಂದರೆ ಕೊಡ್ತಿದೆ. ಡಾಕ್ಟ್ರು ಬೆಟ್ಟದ ಗಾಳಿ ಒಳ್ಳೇದು ಅಂದ್ರು,” ಎಂದುಬಿಟ್ಟ. ಎದೆಯ ತೊಂದರೆ ಎಂದದ್ದು ಪೂರ್ತಿ ಸುಳ್ಳೂ ಅಲ್ಲ, ಬಿಡಿ.

ಅಂಥ ವರ್ಗಕ್ಕೆ ಅದಲುಬದಲು ಎನ್ನುತ್ತಾರೆ. ನೀವು ಕೆಫ್‌ಗೆ ಹೋಗಬೇಕಾದರೆ ಕೆಫ್‌ನಿಂದ ಅದೇ ದರ್ಜೆಯವರೊಬ್ಬರು ನಿಮ್ಮ ಊರಿಗೆ ಬರಲು ಕೇಳಿರಬೇಕು. ಯಾರ ಜೊತೆ ಬದಲು ಎನ್ನುವುದನ್ನು ಮೇಲಿನ ಕಚೇರಿ ಹೇಳುವುದಿಲ್ಲ; ಹೇಳಿದರೆ ಒಳಗೊಳಗೇ ವ್ಯಾಪಾರ ಕುದುರುತ್ತದೆ ಎಂಬ ಭಯ. ಜಲ್ಲೂಲನ ಅದೃಷ್ಟಕ್ಕೆ ಕೆಫ್‌ನಲ್ಲಿ ಮಾಹ್ದಿಯಾ ಬೇಕೆನ್ನುವ ಒಂದು ಜೀವ ಸಿಕ್ಕೇಬಿಟ್ಟಿತು. ಆದೇಶ ಕೈಗೆ ಬಂದ ದಿನ ಅವನು, “ಯಾರೋ ಏನೋ, ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ,” ಎಂದು ಸಿಕ್ಕವರ ಮುಂದೆಲ್ಲ ಹರಸಿದ. ದಲಂದಾಳಿಗೆ ಹೇಳಲಿಲ್ಲ. ಸೀದಾ ಹೋಗಿ ಬಾಗಿಲು ತಟ್ಟಬೇಕು, ಅವಳ ಮುಖ ನೋಡಬೇಕು ಎಂಬ ಆಸೆ.

ತಾಯಿ ಮಬ್ರೂಕಾ ಒಣಗಿಸಿದ ಆಕ್ಟೋಪಸ್ಸನ್ನು ಬೀಗರಿಗೆಂದು ಕಟ್ಟಿಕೊಟ್ಟಳು. ಉಣ್ಣೆಯ ಅಂಗಿಯನ್ನು ಕಂಕುಳಿಗೆ ತುರುಕಿದಳು. “ಹೋಗು ಮಗಾ. ಗಂಡಸು ಹೆಂಡ್ತಿ ಹತ್ರ ಇರಬೇಕು, ಅಮ್ಮನ ಹತ್ರ ಅಲ್ಲ,” ಎಂದು ಹೇಳಿ, ಹೇಳಿದ ಮೇಲೆ ಅತ್ತಳು.

ಕೈರುವಾನಿನಲ್ಲಿ ಇಳಿದು ಕೆಫ್‌ನ ಲುವಾಜಿಗೆ ಇನ್ನೂ ಸೀಟು ತುಂಬಿಲ್ಲವೆಂದು ಕಂಡಾಗ ಅವನ ಕಾಲು ತಾನಾಗಿಯೇ ಸಾದಕನ ಅಂಗಡಿಯ ಕಡೆ ಹೊರಳಿತು. ಒಳಗೆ ಮಾಮೂಲಿ ಮೂಲೆಯಲ್ಲಿ ದಲಂದಾ ಕೂತಿದ್ದಳು. ಪಕ್ಕದಲ್ಲಿ ಶಹದ್. ಕಾಲ ಬುಡದಲ್ಲಿ ಎರಡು ದೊಡ್ಡ ಪೆಟ್ಟಿಗೆ, ಹಗ್ಗ ಬಿಗಿದ ಒಂದು ಹಾಸಿಗೆ ಸುರುಳಿ.

“ಬಾಬಾ!” ಎಂದು ಮಗಳು ಕಿರುಚಿದಳು. “ನಾವು ನಿಮ್ಮನೆಗೇ ಬರ್ತಿದೀವಿ! ಹೇಳ್ಬಾರ್ದು ಅಂದಿದ್ಲು ಅಮ್ಮ!”

ದಲಂದಾ ಎದ್ದು ನಿಂತಳು. ಅವಳ ಕಣ್ಣು ಅವನ ಮುಖದಿಂದ ಕೈಯ ಚೀಲಕ್ಕೆ, ಚೀಲದಿಂದ ಕಂಕುಳಲ್ಲಿದ್ದ ಉಣ್ಣೆಯ ಅಂಗಿಗೆ ಇಳಿಯಿತು.

“ಎಲ್ಲಿಗೆ ಹೊರಟಿದೀಯ?” ಎಂದಳು.

“ಕೆಫ್‌ಗೆ. ವರ್ಗ ಆಯ್ತು. ನೀನು?”

“ಮಾಹ್ದಿಯಾಗೆ. ವರ್ಗ ಆಯ್ತು.”

ಇಬ್ಬರೂ ಪೊಲೀಸರು. ಹೆಚ್ಚು ವಿಚಾರಣೆ ಬೇಕಾಗಲಿಲ್ಲ. ಅವನು ಹೊಟ್ಟೆ ತಣ್ಣಗಿರಲಿ ಎಂದು ಹರಸಿದ ಪುಣ್ಯಾತ್ಮ ಅವಳೇ. ಅವಳು ಹರಕೆ ಹೊತ್ತು ಕಾದಿದ್ದ ಮಾಹ್ದಿಯಾದ ಮಹಾನುಭಾವ ಅವನೇ. ಗಂಡನನ್ನು ಕೊಟ್ಟು ಹೆಂಡತಿಯನ್ನು ಕೊಂಡ ಹಾಗೆ ಇಲಾಖೆ ಅವರಿಬ್ಬರನ್ನು ಒಬ್ಬರಿಗೊಬ್ಬರು ಬದಲಿ ಮಾಡಿತ್ತು. ದಲಂದಾಳಿಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ನಗುತ್ತ ಕೂತಳು, ಕೂತ ಮೇಲೆ ಅದು ಅಳುವಾಯಿತು.

“ನಿನ್ನ ಅರ್ಜಿ ಯಾರು ಹಾಕಿದ್ದು?” ಎಂದ ಜಲ್ಲೂಲ ಮೆಲ್ಲಗೆ. “ನಮ್ಮ ಸಂಘದಿಂದ ಹೋಗಿದ್ರೆ ನನಗೆ ಗೊತ್ತಾಗ್ತಿತ್ತು.”

“ಆ ಸಂಘದೋರು.”

ಆ ಸಂಘ ಎಂದರೆ ಪೊಲೀಸರದೇ ಇನ್ನೊಂದು, ಎದುರಾಳಿ ಸಂಘ. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಅಲ್ಲಿಯ ಮುಖ್ಯಸ್ಥೆ ಮದಾಮ್ ಸಾಸಿಯಾಳ ಹೆಸರು ಕೇಳಿದರೇ ಸಿ ತಿಜಾನಿ ಉಗುಳುತ್ತಿದ್ದರು.

“ಅಲ್ಲಿಗೆ ಹೋಗಿ ಸೇರ್ದೆಯಾ? ನನ್ನ ಹೆಂಡ್ತಿ ಆಗಿ?”

“ನಿನ್ನ ಹೆಂಡ್ತಿ ಅಂತ ಹೇಳಿದ್ರೆ ಸೇರಿಸ್ಕೋತಿರ್ಲಿಲ್ಲ. ಹೇಳ್ಲಿಲ್ಲ. ತಾಯಿಗೆ ಸಮುದ್ರದ ಗಾಳಿ ಬೇಕು ಅಂದೆ,” ಎಂದು ದಲಂದಾ ಕಣ್ಣೊರೆಸಿಕೊಂಡಳು. “ಎರಡು ವರ್ಷ ನಿನ್ನ ಬಾಗಿಲು ತಟ್ಟಿದೆ ಜಲ್ಲೂಲ್. ತೆಗೀಲಿಲ್ಲ. ಪಕ್ಕದ ಮನೆ ಬಾಗಿಲು ತಟ್ಟಿದೆ.”

ಜಲ್ಲೂಲ ಚೀಲ ಕೆಳಗಿಟ್ಟ. ಫೋನು ತೆಗೆದು ಸಿ ತಿಜಾನಿಗೆ ಹಚ್ಚಿದ. ಅವಳೂ ಮದಾಮ್ ಸಾಸಿಯಾಗೆ ಹಚ್ಚಿದಳು. ವಿಷಯ ಹೇಳಿ ಎರಡೂ ಫೋನುಗಳನ್ನು ಮೇಜಿನ ಮೇಲೆ ಎದುರುಬದುರು ಇಟ್ಟರು, ಧ್ವನಿ ಜೋರು ಮಾಡಿ. ವರ್ಷಾನುಗಟ್ಟಲೆ ಮುಖ ನೋಡದ ಇಬ್ಬರು ಮುಖ್ಯಸ್ಥರು ಕಫ್ತೇಜಿಯ ತಟ್ಟೆಯ ಆಚೀಚೆ ಮೊದಲ ಸಲ ಮಾತಾಡಿದರು. ಮಾತಾಡಿದರು ಎನ್ನುವುದು ಮರ್ಯಾದೆಗೆ.

“ನಿಮ್ಮೋಳು ವಾಪಸ್ ಹೋಗ್ಲಿ. ನಮ್ಮ ಹುಡುಗ ಕೆಫ್‌ಗೆ ಹೋಗಿ ಸೇರ್ತಾನೆ,” ಎಂದಿತು ತಿಜಾನಿಯ ಫೋನು.

“ಯಾಕ್ರೀ ಹೋಗ್ಬೇಕು? ನಮ್ಮ ಹೋರಾಟದ ಜಯ ಅಂತ ಫೇಸ್‌ಬುಕ್ಕಿಗೆ ಹಾಕಿ ಆಗಿದೆ. ನಿಮ್ಮೋನು ಹೋಗ್ಲಿ!”

“ನಾವೂ ಹಾಕಿದೀವಮ್ಮಾ! ನಿಮಗಿಂತ ಮುಂಚೆ!”

“ಒಬ್ರೇ ವಾಪಸ್ ಹೋಗೋಕೆ ಬರಲ್ಲ,” ಎಂದು ದಲಂದಾ ನಡುವೆ ಬಾಯಿ ಹಾಕಿದಳು. “ಅದಲುಬದಲು ಅಂದ್ರೆ ಇಬ್ರದ್ದೂ ನಿಲ್ಬೇಕು, ಇಲ್ಲ ಇಬ್ರದ್ದೂ ಬೀಳ್ಬೇಕು. ಬಿದ್ರೆ ಇನ್ನು ಎರಡು ವರ್ಷ ಅರ್ಜಿ ಹಾಕೋ ಹಾಗಿಲ್ಲ.”

ಫೋನುಗಳು ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಯಾವುದೋ ಹಳೆಯ ಚುನಾವಣೆಯಲ್ಲಿ ಯಾರು ಯಾರ ಮತ ಕದ್ದರು ಎನ್ನುವಲ್ಲಿಗೆ ಹೋಗಿದ್ದವು. ಕೊಚ್ಚುವುದನ್ನು ನಿಲ್ಲಿಸಿ ಸಾದಕ್ ಮುದುಕ ಬಂದು ನೋಡಿದ.

“ಇವರಿಬ್ರೂ ಗಂಡ ಹೆಂಡ್ತಿ ಥರ ಕಚ್ಚಾಡ್ತಿದಾರೆ,” ಎಂದ. “ಗಂಡ ಹೆಂಡ್ತಿ ನೋಡಿದ್ರೆ ಪೊಲೀಸ್ರ ಥರ ಬಿಮ್ಮಂತ ಕೂತಿದಾರೆ.”

ಕೊನೆಗೆ ಸಿ ತಿಜಾನಿಗೆ ಏನೋ ಹೊಳೆಯಿತು. “ಒಂದ್ ನಿಮಿಷ. ಏಯ್ ಜಲ್ಲೂಲ್! ಕೆಫ್‌ನಲ್ಲಿ ಕೆಲಸ ಕೇಳಿದ್ದು ಹೆಂಡ್ತಿಗಾಗೇನೋ? ಎದೆ ನೋವು, ಬೆಟ್ಟದ ಗಾಳಿ ಅಂತ ಬೊಗಳೆ ಬಿಟ್ಟೆಯಲ್ಲೋ! ಸರಿ, ಈಗ ಹೇಳು. ಹೆಂಡ್ತಿ ಬೇಕು ಅಂತ ಬಾಯ್ಬಿಟ್ಟು ಕೇಳ್ತೀಯಾ? ಸಂಘದ ಸಭೇಲಿ ಎಲ್ಲರ ಮುಂದೆ ಇಡ್ತೀನಿ.”

ಎಲ್ಲರ ಮುಂದೆ. ಜಲ್ಲೂಲನ ಕಣ್ಣ ಮುಂದೆ ಸಭೆ ಬಂತು. ವರ್ಗಕ್ಕೆ ಕಾದು ಕೂತವರ ಮುಖಗಳು ಬಂದವು. ಕಾರ್ಯದರ್ಶಿ ಎರಡೆರಡು ವರ್ಗ ತಿಂದ ಎಂದು ಅವರು ಪಿಸುಗುಟ್ಟಿದ್ದೂ ಕೇಳಿಸಿದಂತಾಯಿತು. ಅವನು, “ಆಮೇಲೆ ಮಾತಾಡೋಣ ಸಿ ತಿಜಾನಿ,” ಎಂದು ಫೋನು ಇಟ್ಟ.

ದಲಂದಾ ಅವನನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಎದ್ದು ಒಂದು ಪೆಟ್ಟಿಗೆ ಬಿಚ್ಚಿ, ಮಗಳ ಬಟ್ಟೆಗಳನ್ನೆಲ್ಲ ಬೇರೆ ತೆಗೆದು ಅವನ ಚೀಲದಲ್ಲಿ ಇಡತೊಡಗಿದಳು.

“ಏನ್ ಮಾಡ್ತಿದೀಯ?”

“ನಾಡಿದ್ದು ಇಬ್ರೂ ಕೆಲಸಕ್ಕೆ ಹಾಜರಾಗ್ಬೇಕು. ನಾನು ಮಾಹ್ದಿಯಾಗೆ ಹೋಗ್ತೀನಿ, ನಿನ್ನಮ್ಮನ ಜೊತೆ ಇರ್ತೀನಿ. ನೀನು ಕೆಫ್‌ಗೆ ಹೋಗು. ನನ್ನ ಕೋಣೆ ಇದೆ, ನನ್ನಮ್ಮ ಇದಾಳೆ.” ಅವಳ ಕೈ ಒಂದು ಪುಟ್ಟ ಕಾಲುಚೀಲದ ಮೇಲೆ ನಿಂತಿತು. “ಇವಳಿಗೆ ಅಲ್ಲೇ ಶಾಲೆಗೆ ಹೆಸರು ಕೊಟ್ಟಾಗಿತ್ತು. ಮಾಹ್ದಿಯಾದಲ್ಲಿ ಅಪ್ಪ ಇರ್ತಾನಲ್ಲ ಅಂತ ಕಿತ್ತು ತಂದೆ. ನೀನೇ ಇಲ್ದಿದ್ರೆ ಅಲ್ಲೇನಿದೆ ಇವಳಿಗೆ? ಕರ್ಕೊಂಡು ಹೋಗು.”

“ದಲಂದಾ...”

“ಇಷ್ಟು ವರ್ಷ ನನ್ನ ಹತ್ರ ಇದ್ಲು. ಈಗ ನಿನ್ನ ಹತ್ರ ಇರ್ಲಿ. ಅಪ್ಪ ಅಂದ್ರೆ ಏನು ಅಂತ ಗೊತ್ತಾಗ್ಲಿ ಅವಳಿಗೆ.” ತುಸು ತಡೆದು, “ನಿನಗೂ,” ಎಂದಳು.

ಕೆಫ್‌ನ ಲುವಾಜಿನವನು ಕೂಗಿದ. ದಲಂದಾ ಮಗಳನ್ನು ಎತ್ತಿ ಗಂಡನ ತೋಳಿಗೆ ಕೊಟ್ಟಳು, ಮುತ್ತಿಟ್ಟಳು, ಹಿಂತಿರುಗಿ ನೋಡದೆ ತನ್ನ ಪೆಟ್ಟಿಗೆ ಎಳೆದುಕೊಂಡು ಮಾಹ್ದಿಯಾದ ಸಾಲಿಗೆ ನಡೆದಳು. ಅವಳು ನೋಡದೆ ಹೋದದ್ದು ಯಾಕೆಂದು ಜಲ್ಲೂಲನಿಗೆ ಗೊತ್ತಿತ್ತು. ಅವನ ಎದೆಯಲ್ಲಿ ಆವಾಗ ನಿಜವಾಗಿಯೇ ನೋವು ಬಂತು.

ಎರಡು ವಾರ ಅವನು ದಲಂದಾಳ ಬದುಕನ್ನು ಬದುಕಿದ. ಅವಳ ಹಾಸಿಗೆಯಲ್ಲಿ ಮಲಗಿದ, ಅವಳು ಕೂರುತ್ತಿದ್ದ ಮೇಜಿನ ಹಿಂದೆ ಕೂತ. ಬೆಳಿಗ್ಗೆ ಮಗಳಿಗೆ ಜಡೆ ಹಾಕಲು ಹೋದರೆ ಒಂದು ಕಿವಿಯ ಮೇಲೆ, ಒಂದು ಕುತ್ತಿಗೆಯ ಹತ್ತಿರ ಕೂರುತ್ತಿತ್ತು. “ಅಮ್ಮ ಹಾಕಿದ್ರೆ ನೋಯಲ್ಲ,” ಎಂದು ಶಹದ್ ದಿನಾ ಹೇಳುತ್ತಿದ್ದಳು. ಆದರೂ ಸಂಜೆ ಅವನು ಬರುವ ಹೊತ್ತಿಗೆ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಅದನ್ನು ಕಂಡ ಮೊದಲ ಸಂಜೆ ಅವನು ಬೀದಿಯ ತಿರುವಿನಲ್ಲೇ ನಿಂತು ಮುಖ ಒರೆಸಿಕೊಂಡು ಮನೆಗೆ ಬಂದ.

ಆಮೇಲೆ ಕೈರುವಾನಿನ ದಿನ ಬಂತು. ಕೆಫ್‌ನಿಂದ ಇಳಿಯುವ ದಾರಿ ಸುತ್ತು ಸುತ್ತು. ಮೊದಲ ತಿರುವುಗಳಲ್ಲೇ ಶಹದ್ ವಾಂತಿ ಮಾಡಿದಳು. ಅವನ ಅಂಗಿಯ ಮೇಲೊಮ್ಮೆ, ಪಕ್ಕದ ಮುದುಕನ ಚಪ್ಪಲಿಯ ಮೇಲೊಮ್ಮೆ. ಉಚ್ಚೆ ಎಂದಳು, ಗಾಡಿ ನಿಲ್ಲಿಸಿದ್ದಕ್ಕೆ ಚಾಲಕ ಗೊಣಗಿದ. ಅತ್ತಳು, ಹಾಡು ಹೇಳು ಎಂದಳು, ಹಾಡಿದರೆ ಚೆನ್ನಾಗಿಲ್ಲ ಎಂದಳು. ಕೊನೆಗೆ ತೊಡೆಯ ಮೇಲೆ ಮಲಗಿದಳು, ಅವನ ಎರಡೂ ಕಾಲು ಜೋಮು ಹಿಡಿದವು.

“ಯಾವಾಗ್ಲೂ ಹೀಗೇನಾ ಇವಳು?” ಎಂದು ಅವನು ಆ ಮುದುಕನನ್ನೇ ಕೇಳಿದ.

“ನಿನ್ನ ಮಗಳು, ನನ್ನ ಕೇಳ್ತೀಯಲ್ಲಪ್ಪ,” ಎಂದ ಮುದುಕ. “ನಾನೂ ಇದೇ ಗಾಡೀಲಿ ಓಡಾಡೋನು, ಯಾವಾಗ್ಲೂ ಹೀಗೇ. ಅವಳಮ್ಮ ಪಾಪ, ಊರು ಹತ್ರ ಬಂದಾಗ ಬಾಟ್ಲಿ ನೀರಲ್ಲಿ ಮುಖ ತೊಳ್ಕೊಂಡು, ಬೇರೆ ಅಂಗಿ ಹಾಕ್ಕೊಂಡು, ಕಾಡಿಗೆ ಹಚ್ಕೊಂಡು ಇಳಿಯೋಳು. ನಿಮ್ಮೆಜಮಾನ್ರಿಗೆ ಹೇಳಮ್ಮಾ ಅಂದ್ರೆ, ಅವರಿಗೆ ಸಂಘದ ಕೆಲಸ ಬಹಳ ಅನ್ನೋಳು.”

ಜಲ್ಲೂಲ ತೊಡೆಯ ಮೇಲೆ ಮಲಗಿದ್ದ ಮಗಳ ಹಣೆಯ ಕೂದಲು ಸರಿಸಿದ. ನಾಲ್ಕು ವರ್ಷ, ಎರಡು ವಾರಕ್ಕೊಮ್ಮೆ, ಅವಳು ಆ ಗಾಡಿಯಿಂದ ನಗುತ್ತ ಇಳಿಯುತ್ತಿದ್ದಳು. ಎಷ್ಟು ಚೆನ್ನಾಗಿ ಕಾಣ್ತಿದೀಯ, ಪ್ರಯಾಣದ ಸುಸ್ತೇ ಇಲ್ಲ ಎಂದು ಇವನು ಹೊಗಳುತ್ತಿದ್ದ. ಮಂಡಿ ಸವೆದವನ ನೋವು ದೂರದಿಂದಲೇ ಕಂಡವನಿಗೆ ಇದು ಎದುರಿಗೆ ಕೂತರೂ ಕಂಡಿರಲಿಲ್ಲ.

ದಲಂದಾ ಮೊದಲೇ ಬಂದು ಕೂತಿದ್ದಳು. ಮಗಳು ಓಡಿ ಹೋಗಿ ಕುತ್ತಿಗೆಗೆ ಜೋತು ಬಿದ್ದಳು. ದಲಂದಾ ಅವಳ ಸೊಟ್ಟ ಜಡೆಯನ್ನು ನೋಡಿದಳು, ಗಂಡನ ಅಂಗಿಯನ್ನು ನೋಡಿದಳು, ನಗು ತಡೆಯಲಾರದೆ ತುಟಿ ಕಚ್ಚಿದಳು.

ಅವನು ಕೂರಲಿಲ್ಲ. ನಿಂತೇ ಫೋನು ತೆಗೆದ.

“ಸಿ ತಿಜಾನಿ, ನಾನು ಜಲ್ಲೂಲ್. ಎದೆ ನೋವಿಲ್ಲ, ಬೆಟ್ಟದ ಗಾಳಿ ಬೇಡ. ನನ್ನ ಹೆಂಡ್ತಿ ದಲಂದಾ ಮಾಹ್ದಿಯಾದಲ್ಲಿದಾಳೆ, ನಾನು ಕೆಫ್‌ನಲ್ಲಿದೀನಿ. ಹೆಂಡ್ತಿ ಬಿಟ್ಟು ನನಗೆ ಇರೋಕಾಗ್ತಿಲ್ಲ. ಯಾವ ಊರಾದ್ರೂ ಸರಿ, ಇಬ್ರಿಗೂ ಒಂದೇ ಆಗ್ಲಿ. ಸಭೇಲಿ ಇಡಿ. ಎಲ್ಲರ ಮುಂದೆ ಇಡಿ. ಅವಳ ಹೆಸರು ಮೊದಲು ಬರೀರಿ. ಅನ್ನೋರು ಏನಾದ್ರೂ ಅಂದ್ಕೊಳ್ಳಿ.”

“ಕತ್ತೆ,” ಎಂದರು ಸಿ ತಿಜಾನಿ, ಬಹಳ ಪ್ರೀತಿಯಿಂದ. “ಗಂಡ ಹೆಂಡ್ತಿ ಒಂದೇ ಊರಲ್ಲಿರ್ಬೇಕು ಅನ್ನೋ ನಿಯಮ ನಾವೇ ಹೊಡೆದಾಡಿ ತಂದಿದ್ದಲ್ವೇನೋ? ಅದಕ್ಕೆ ಬದಲಿ ಜನ ಬೇಡ, ಎರಡು ವರ್ಷ ಕಾಯೋದೂ ಬೇಡ. ಕೇಳಿದ್ರೆ ಸಾಕು. ನೀನು ಕೇಳ್ಲೇ ಇಲ್ಲ.”

“ಈಗ ಕೇಳ್ತಿದೀನಿ.”

“ಆ ಸಾಸಿಯಾಳ ಸಹೀನೂ ಇದ್ರೆ ಶಾಲೆ ಶುರುವಾಗೋದ್ರೊಳಗೆ ಆಗುತ್ತೆ.” ಸಿ ತಿಜಾನಿ ನಿಟ್ಟುಸಿರು ಬಿಟ್ಟರು. “ಅವಳ ನಂಬರ್ ಕಳ್ಸು. ನಾನೇ ಫೋನ್ ಮಾಡ್ತೀನಿ. ಏನ್ ಕರ್ಮ.”

ಜಲ್ಲೂಲ ಫೋನು ಇಟ್ಟು ಕೂತ. ಸಾದಕ್ ತಟ್ಟೆ ತಂದಿಟ್ಟ.

“ಮಾಹ್ದಿಯಾ ಠಾಣೇಲಿ,” ಎಂದಳು ದಲಂದಾ, ಅವನ ಮುಖ ನೋಡದೆ, “ದಿನಕ್ಕೊಬ್ರು ಬಂದು ನನ್ನ ಮೇಜಿನ ಮುಂದೆ ನಿಲ್ತಾರೆ. ನನ್ನನ್ನ ಠಾಣೆಯೊಳಗೆ ಕೂರಿಸಿದ್ದು ನಿಮ್ಮೆಜಮಾನ್ರೇ, ನನಗೆ ರಜೆ ಕೊಡ್ಸಿದ್ದು ನಿಮ್ಮೆಜಮಾನ್ರೇ ಅಂತಾರೆ. ನೀವು ಇಷ್ಟು ದೂರ ಇದ್ರಿ ಅಂತ ನಮಗೆ ಗೊತ್ತೇ ಇರ್ಲಿಲ್ಲ, ಒಂದ್ ಮಾತು ಹೇಳಿದ್ರೆ ನಾವೆಲ್ಲ ಪಟ್ಟಿ ಕಟ್ತಿದ್ವಲ್ಲಮ್ಮಾ ಅಂತ ಬೈತಾರೆ. ನಿನಗಲ್ಲ, ನನಗೆ.”

ಅವನಿಗೆ ತಲೆ ಎತ್ತಲಾಗಲಿಲ್ಲ. ಯಾರ ಬಾಯಿಗೆ ಹೆದರಿ ಇಷ್ಟು ವರ್ಷ ಕಳೆದನೋ ಆ ಬಾಯಿಗಳು ಅವನಿಗಾಗಿಯೇ ಕಾದಿದ್ದವು.

ದಲಂದಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊಟ್ಟ ಜಡೆಗೆ ಕೈ ಹಾಕಿದಳು. ಬಿಚ್ಚಲಿಲ್ಲ, ಹಾಗೇ ಸವರಿದಳು.

“ಇನ್ನೊಂದ್ ಸಲ ಹೇಳು,” ಎಂದಳು.

“ಏನನ್ನ?”

“ಅದೇ, ಫೋನಲ್ಲಿ ಹೇಳಿದ್ದು. ಹೆಂಡ್ತಿ ಬಿಟ್ಟು ಇರೋಕಾಗ್ತಿಲ್ಲ ಅಂದ್ಯಲ್ಲ.”

ಜಲ್ಲೂಲ ಸುತ್ತ ನೋಡಿದ. ಅಂಗಡಿಯ ತುಂಬ ಜನ, ಹೊರಗೆ ಮಾಹ್ದಿಯಾ ಮಾಹ್ದಿಯಾ ಎಂದು, ಕೆಫ್ ಕೆಫ್ ಎಂದು ಕೂಗುವ ಚಾಲಕರು. ಅವನ ಕಿವಿ ಕೆಂಪಾಯಿತು. ಆದರೂ ಹೇಳಿದ, ಅವರೆಲ್ಲರಿಗೂ ಕೇಳುವಷ್ಟು ಜೋರಾಗಿ.